ಎರಡು ನಾಯಿ, ಇಬ್ಬರು ಅಜ್ಜಿಯರು, ಎಸ್ಲಿಂಗೆನ್ ಸಂತೆ

ಫ್ರೀಡಾ ಮೊದಲು ನಮ್ಮ ನಾಯಿ ಆಗಿರಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬ್ಯೋಬ್ಲಿಂಗೆನ್‌ನಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸಿದ್ದರು. ನನ್ನ ಮಗಳು ಮಾತು ಕಲಿತಾಗಿನಿಂದ ಅವರನ್ನು ಓಮಾ ಅಂತಲೇ ಕರೆಯುತ್ತಾಳೆ. ಇಲ್ಲಿ ಅಜ್ಜಿಗೆ ಹಾಗೆ ಹೇಳುವುದು. ಫ್ರೀಡಾ ಅವರ ಡಾಕೆಲ್ ನಾಯಿ, ಉದ್ದ ಮೈ, ಗೇಣುದ್ದ ಕಾಲು, ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಓಮಾ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಆಮೇಲೆ ಒಬ್ಬರೇ ಇರಲು ಆಗಲಿಲ್ಲ. ಎಸ್ಲಿಂಗೆನ್‌ನಲ್ಲಿ ಅವರ ತಂಗಿಯ ಮಗಳು ಇದ್ದಾರೆ, ಆ ಊರಿನ ವೃದ್ಧಾಶ್ರಮಕ್ಕೆ ಹೋದರು. ನಾಯಿಯನ್ನು ದಿನಕ್ಕೆ ಮೂರು ಸಲ ಹೊರಗೆ ಕರೆದುಕೊಂಡು ಹೋಗುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಹೋಗುವ ದಿನ ಫ್ರೀಡಾಳ ಹಾಸಿಗೆ, ಬಟ್ಟಲು, ಲಸಿಕೆಯ ಪುಸ್ತಕ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ನಮ್ಮ ಬಾಗಿಲಿಗೆ ತಂದುಕೊಟ್ಟರು.

ಕಳೆದ ನವೆಂಬರ್‌ನಲ್ಲಿ ಫೋನ್ ಮಾಡಿದಾಗ ಓಮಾ ಒಂದು ಮಾತು ಕೇಳಿದರು. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ನಾನು, ಫ್ರೀಡಾ ಎಸ್ಲಿಂಗೆನ್‌ನ ಕ್ರಿಸ್‌ಮಸ್ ಸಂತೆಗೆ ಹೋಗುತ್ತಿದ್ದೆವು, ಈ ಸಲ ಅವಳನ್ನು ಒಂದು ದಿನ ಕರೆದುಕೊಂಡು ಬರುತ್ತೀರಾ? ಅಷ್ಟೇ. ಆಗಲ್ಲ ಅನ್ನಲು ಬಾಯಿ ಬರುತ್ತದೆಯೇ? ಬರುತ್ತೇವೆ ಅಂದೆ.

ಅದೇ ಸಮಯಕ್ಕೆ ಹಾಸನದಿಂದ ಅಮ್ಮ ಬಂದಿದ್ದಳು. ಅವಳು ಚಳಿಗಾಲದಲ್ಲಿ ಜರ್ಮನಿಗೆ ಬಂದದ್ದು ಇದೇ ಮೊದಲು. ಅಮ್ಮ, ಐದು ವರ್ಷದ ಮಗಳು, ನಾನು, ನಮ್ಮವರು, ಜೊತೆಗೆ ಫ್ರೀಡಾ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ನಮ್ಮ ಮನೆಯಲ್ಲಿ ರಾಗಿಯೂ ಇದ್ದಾನೆ.

ರಾಗಿ ಮೈಸೂರಿನ ಬೀದಿನಾಯಿ. ಬಣ್ಣ ನೋಡಿ ಇಟ್ಟ ಹೆಸರು. ಅವನನ್ನು ಇಲ್ಲಿಗೆ ತರಲು ಪಟ್ಟ ಪಾಡು ಬೇರೆಯೇ ಕತೆ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು, ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು, ಆಮೇಲಷ್ಟೇ ವಿಮಾನ. ನಾವಿಬ್ಬರೂ ಮುಂಚೆ ಬಂದುಬಿಟ್ಟಿದ್ದರಿಂದ ಅಷ್ಟು ದಿನ ಅವನನ್ನು ನೋಡಿಕೊಂಡಿದ್ದು ಅಮ್ಮನೇ. ಅದಕ್ಕೇ ಅಮ್ಮ ಬಂದರೆ ರಾಗಿಗೆ ಬೇರೆ ಯಾರೂ ಬೇಡ. ನಾವೆಲ್ಲ ಹೋಗಿ ಅವನೊಬ್ಬನನ್ನು ಮನೆಯಲ್ಲಿ ಬಿಡುವುದು ನನಗೆ ಸರಿ ಅನ್ನಿಸಲಿಲ್ಲ. "ಅವನಿಗೆ ಗದ್ದಲ ಆಗಲ್ಲ ಕಣೇ, ನಾನು ಮನೇಲಿ ಇವನ ಜೊತೆ ಇರ್ತೀನಿ, ನೀವು ಹೋಗಿ ಬನ್ನಿ" ಅಂತ ಅಮ್ಮ ಹೇಳಿದಳು. ನಾನು ಕೇಳಲಿಲ್ಲ. ಅಮ್ಮನಿಗೂ ಸಂತೆ ತೋರಿಸಬೇಕು, ಓಮಾಗೂ ಅಮ್ಮನ ಪರಿಚಯ ಆಗಬೇಕು, ಎಲ್ಲರೂ ಒಟ್ಟಿಗೆ ಹೋಗೋಣ ಅಂತ ನನ್ನದೇ ಹಟ.

ಎಸ್ಲಿಂಗೆನ್ ಸಂತೆ ಬೇರೆ ಊರಿನ ಕ್ರಿಸ್‌ಮಸ್ ಸಂತೆಗಳ ಥರ ಅಲ್ಲ. ಮಾಮೂಲಿ ಕ್ರಿಸ್‌ಮಸ್ ಅಂಗಡಿಗಳ ಜೊತೆಗೆ ಮಧ್ಯಯುಗದ ಸಂತೆಯೂ ಇರುತ್ತದೆ. ವ್ಯಾಪಾರಿಗಳು ಹಳೇ ಕಾಲದ ಉಡುಪು ಹಾಕಿಕೊಂಡಿರುತ್ತಾರೆ, ಕುಲುಮೆ ಇರುತ್ತದೆ, ಕಬ್ಬಿಣ ಬಡಿಯುತ್ತಾರೆ, ಮಣ್ಣಿನ ಲೋಟದಲ್ಲಿ ಬಿಸಿ ವೈನ್ ಕೊಡುತ್ತಾರೆ. ಒಟ್ಟು ಇನ್ನೂರರಷ್ಟು ಅಂಗಡಿಗಳು. ಊರೂ ಅದಕ್ಕೆ ತಕ್ಕ ಹಾಗಿದೆ. ಹಾಫೆನ್‌ಮಾರ್ಕ್ಟ್ ಅನ್ನುವ ಜಾಗದಲ್ಲಿ 14ನೇ ಶತಮಾನದ ಮರದ ಚೌಕಟ್ಟಿನ ಮನೆಗಳ ಸಾಲು ಇವತ್ತಿಗೂ ನಿಂತಿದೆ. ಚರ್ಚಿನ ಎರಡು ಗೋಪುರಗಳ ನಡುವೆ ಮೇಲೆ ಒಂದು ಸೇತುವೆ ಕಟ್ಟಿದ್ದಾರೆ. ಸಂತೆ ನವೆಂಬರ್ ಕೊನೆಗೆ ಶುರುವಾದರೆ ಕ್ರಿಸ್‌ಮಸ್‌ಗೆ ಎರಡು ಮೂರು ದಿನ ಇರುವಾಗ ಮುಗಿಯುತ್ತದೆ. ಶನಿವಾರ ಸಂಜೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಅಲ್ಲಿ ಡಾಕೆಲ್ ನಾಯಿಯ ಎತ್ತರದಿಂದ ನೋಡಿದರೆ ಬರೀ ಬೂಟುಗಳು. ಅದಕ್ಕೆ ನಾವು ಒಂದು ಮಂಗಳವಾರ ಆರಿಸಿಕೊಂಡೆವು. ಸಂತೆ ತೆರೆಯುವುದೇ ಬೆಳಿಗ್ಗೆ 11ಕ್ಕೆ, ತೆರೆದ ಕೂಡಲೇ ಅಲ್ಲಿರಬೇಕು, 2 ಗಂಟೆಗೆ ಮುಂಚೆ ವಾಪಸ್ ರೈಲು ಹತ್ತಬೇಕು ಅಂತ ತೀರ್ಮಾನ ಮಾಡಿದೆವು. ಮಗಳು ಇನ್ನೂ ಕಿಂಡರ್‌ಗಾರ್ಟನ್, ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಶಾಲೆಯ ಮಕ್ಕಳಿಗೆ ಇಲ್ಲಿ ಸಂತೆಗಾಗಿ ರಜೆ ಸಿಗುವುದಿಲ್ಲ.

ತಯಾರಿ ಎರಡು ವಾರ ನಡೆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾಯಿಯನ್ನು ಜನಜಂಗುಳಿಗೆ ಕರೆದುಕೊಂಡು ಹೋಗುವುದು ಅಂದರೆ ಹಗ್ಗ ಕಟ್ಟಿ ಹೊರಡುವುದಲ್ಲ. ಮೊದಲು ನಮ್ಮೂರಿನ ವಾರದ ತರಕಾರಿ ಸಂತೆಯ ಅಂಚಿನಲ್ಲಿ ಇಬ್ಬರನ್ನೂ ಹತ್ತು ನಿಮಿಷ ನಿಲ್ಲಿಸಿದೆವು. ಒಳಗೆ ಹೋಗಲಿಲ್ಲ, ಸುಮ್ನೆ ನಿಂತು ನೋಡಿ ವಾಪಸ್. ಮಾರನೇ ಸಲ ಒಳಗೆ ಒಂದು ಸುತ್ತು. ಆಮೇಲೆ ರೈಲಿನಲ್ಲಿ ಎರಡು ನಿಲ್ದಾಣ ಹೋಗಿ ಬರುವುದು. ರಾಗಿಗೆ ಬಾಯಿಕುಕ್ಕೆ ಅಭ್ಯಾಸ ಮಾಡಿಸುವುದು ದೊಡ್ಡ ಕೆಲಸ. ಇಲ್ಲಿ ದೂರದ ರೈಲುಗಳಲ್ಲಿ ದೊಡ್ಡ ನಾಯಿಗೆ ಅದು ಇರಲೇಬೇಕು, ಊರೊಳಗಿನ ರೈಲು ಬಸ್ಸುಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ನಾಯಿಗೆ ಟಿಕೆಟ್ ಬೇಕೋ ಬೇಡವೋ ಅನ್ನುವುದೂ ಹಾಗೆಯೇ, ಹೊರಡುವ ಮುಂಚೆ ನೋಡಿಕೊಳ್ಳಲೇಬೇಕು. ನಾವು ಕುಕ್ಕೆಯ ಒಳಗೆ ಒಂದು ಚೂರು ಲಿವರ್ ಪೇಸ್ಟ್ ಸವರಿ ಅವನ ಮುಂದೆ ಹಿಡಿಯುತ್ತಿದ್ದೆವು. ಅವನೇ ಮೂತಿ ಹಾಕಬೇಕು, ನಾವು ತೊಡಿಸಬಾರದು. ಅಮ್ಮ ಅದನ್ನು ನೋಡಿ "ಇದೇನೇ, ಒಕ್ಕಣೇಲಿ ಎತ್ತಿಗೆ ಕಟ್ತಾರಲ್ಲ, ಅದೇ ಕುಕ್ಕೆ" ಅಂದಳು. ಅವತ್ತಿನಿಂದ ಅಭ್ಯಾಸ ಮಾಡಿಸುವ ಕೆಲಸ ಅವಳದೇ ಆಯಿತು. ನಾನು ಮಾಡಿದಾಗ ಮೂತಿ ತಿರುಗಿಸುತ್ತಿದ್ದವನು ಅಮ್ಮನ ಕೈಯಲ್ಲಿ ಒಂದೇ ವಾರದಲ್ಲಿ ಕಲಿತ.

ಹೋಗುವ ದಿನ ಬೆಳಿಗ್ಗೆ ಇಬ್ಬರನ್ನೂ ಒಂದು ಗಂಟೆ ಕಾಡಿನಲ್ಲಿ ನಡೆಸಿದೆವು. ಮೈ ದಣಿದಿದ್ದರೆ ಮನಸ್ಸೂ ಸ್ವಲ್ಪ ಶಾಂತ ಇರುತ್ತದೆ, ಹೊಟ್ಟೆಯ ಕೆಲಸವೂ ಮುಗಿದಿರುತ್ತದೆ. ತಿಂಡಿ ಅರ್ಧ ಹೊಟ್ಟೆ ಮಾತ್ರ. ಅವತ್ತು 2 ಡಿಗ್ರಿ ಚಳಿ. ರಾಗಿಯದು ನಮ್ಮ ಊರಿನ ಮೈ, ಕೂದಲು ತೆಳು, ಇಲ್ಲಿನ ನಾಯಿಗಳಿಗಿರುವ ಹಾಗೆ ಒಳಗೆ ಇನ್ನೊಂದು ಪದರ ಉಣ್ಣೆ ಇಲ್ಲ. ಅವನಿಗೆ ದಪ್ಪ ಕೋಟು ಬೇಕೇ ಬೇಕು. ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚಿರುತ್ತಾರೆ, ಅದು ಪಂಜದ ಬಿರುಕಿಗೆ ಹೋದರೆ ಉರಿ, ನೆಕ್ಕಿಕೊಂಡರೆ ಹೊಟ್ಟೆ ಕೆಡುತ್ತದೆ. ಅದಕ್ಕೆ ನಾಲ್ಕೂ ಪಂಜಕ್ಕೆ ವ್ಯಾಸಲೀನ್ ಹಚ್ಚಿದೆ. ಕತ್ತಿನ ಪಟ್ಟಿ ಇರಲಿ ಅಂತ ಬಿಟ್ಟು, ಹಗ್ಗವನ್ನು ಮಾತ್ರ ಎದೆಯ ಹಾರ್ನೆಸ್‌ಗೆ ಹಾಕಿದೆವು. ಗಾಬರಿಯಾದ ನಾಯಿ ಹಿಂದಕ್ಕೆ ಎಳೆದರೆ ಪಟ್ಟಿ ತಲೆಯಿಂದ ಕಳಚಿಬಿಡುತ್ತದೆ. ಉದ್ದ ಬಿಡುವ ಸುತ್ತು ಹಗ್ಗ ಬೇಡವೇ ಬೇಡ, ಜನರ ಕಾಲಿಗೆ ಸುತ್ತಿಕೊಳ್ಳುತ್ತದೆ. ಫ್ರೀಡಾಗೆ ಬೆನ್ನಿಗೆ ಹಾಕಿಕೊಳ್ಳುವ ಚೀಲ. ಡಾಕೆಲ್‌ಗಳ ಬೆನ್ನುಮೂಳೆ ಬಹಳ ಸೂಕ್ಷ್ಮ, ಡಿಸ್ಕ್ ಜಾರಿ ಹಿಂಗಾಲು ಬಿದ್ದುಹೋಗುವುದುಂಟು. ಮೆಟ್ಟಿಲು ಹತ್ತಿಸಬಾರದು, ಎತ್ತುವಾಗ ಎದೆಯ ಕೆಳಗೊಂದು ಕೈ, ಹಿಂಭಾಗದ ಕೆಳಗೊಂದು ಕೈ ಕೊಡಬೇಕು. ಇದನ್ನು ನಮಗೆ ಕಲಿಸಿದ್ದು ಓಮಾ.

ಯಾರು ಯಾರನ್ನು ನೋಡಿಕೊಳ್ಳಬೇಕು ಅಂತಲೂ ಮೊದಲೇ ಹಂಚಿಕೊಂಡೆವು. ರಾಗಿ ನಮ್ಮವರ ಕೈಯಲ್ಲಿ, ಫ್ರೀಡಾ ನನ್ನ ಬೆನ್ನಿನಲ್ಲಿ, ಮಗಳ ಕೈ ಅಮ್ಮನ ಕೈಯಲ್ಲಿ. ನಾಯಿ ಹಿಡಿದವರು ತಿಂಡಿ ಕೊಳ್ಳಲು ನಿಲ್ಲಬಾರದು, ಲೋಟ ಹಿಡಿಯಬಾರದು. ನೀವು ಯಾರಾದರೂ ಹೋಗುವುದಾದರೆ ಇದನ್ನು ಮಾತ್ರ ದಯವಿಟ್ಟು ಪಾಲಿಸಿ. ಒಂದು ಕೈಯಲ್ಲಿ ಬಿಸಿ ವೈನ್, ಇನ್ನೊಂದು ಕೈಯಲ್ಲಿ ಗಾಬರಿಯಾದ ನಾಯಿ, ಪಕ್ಕದಲ್ಲಿ ಪುಟ್ಟ ಮಗು, ಇದು ಆಗುವ ಮಾತಲ್ಲ.

ಬ್ಯೋಬ್ಲಿಂಗೆನ್‌ನಿಂದ ಎಸ್ಲಿಂಗೆನ್‌ಗೆ ಎಸ್ 1 ರೈಲು ನೇರ ಹೋಗುತ್ತದೆ, ಮುಕ್ಕಾಲು ಗಂಟೆಯ ದಾರಿ. ನಡುವೆ ಸ್ಟುಟ್‌ಗಾರ್ಟ್ ಕೆಳಗೆ ಉದ್ದ ಸುರಂಗ ಇದೆ. ಸುರಂಗ ಬರುತ್ತಿದ್ದ ಹಾಗೆ ರಾಗಿ ಅಮ್ಮನ ಎರಡು ಕಾಲುಗಳ ಮಧ್ಯೆ ಹೋಗಿ ಕೂತ. ಎದುರಿಗೆ ಕೂತಿದ್ದ ಹುಡುಗ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟ. ಅಮ್ಮ ಅವನಿಗೆ ಕನ್ನಡದಲ್ಲೇ "ನಿಂಗೆ ಒಳ್ಳೇದಾಗ್ಲಪ್ಪ" ಅಂದಳು. ಅವನಿಗೆ ಏನು ಅರ್ಥವಾಯಿತೋ, ತಲೆ ಬಗ್ಗಿಸಿ ನಕ್ಕ.

ಸಂತೆ ಆಗ ತಾನೇ ಬಾಗಿಲು ತೆರೆಯುತ್ತಿತ್ತು. ನಾನು ಹೇಳುವುದಾದರೆ ಆ ಮೊದಲ ಅರ್ಧ ಗಂಟೆಯೇ ಸಂತೆಯ ಚಂದ. ಮಂಜು ಇನ್ನೂ ಹರಿದಿರಲಿಲ್ಲ, ಅಂಗಡಿಯವರು ಮರದ ಹಲಗೆ ಎತ್ತಿ ದೀಪ ಹಚ್ಚುತ್ತಿದ್ದರು, ಕುಲುಮೆಯವನು ಇದ್ದಿಲು ಕೆದಕುತ್ತಿದ್ದ. ಮರದ ಆಟಿಕೆ, ಜೇನುಮೇಣದ ಬತ್ತಿ, ಕಂಬಳಿ ಟೋಪಿ, ಮಣ್ಣಿನ ಪಾತ್ರೆ. ಒಂದು ಮೂಲೆಯಲ್ಲಿ ಕೈಯಿಂದ ತಿರುಗಿಸುವ ಮರದ ರಾಟೆ ತೊಟ್ಟಿಲು. ಅಮ್ಮ ಅದರ ಮುಂದೆ ನಿಂತುಬಿಟ್ಟಳು. ತನ್ನ ಚಿಕ್ಕಂದಿನ ಜಾತ್ರೆಯಲ್ಲಿ ಇಂಥದ್ದೇ ಇತ್ತು, ಇಬ್ಬರು ಗಂಡಸರು ಕೈಯಲ್ಲಿ ತಿರುಗಿಸುತ್ತಿದ್ದರು, ಈಗ ಎಲ್ಲ ಮೋಟಾರು ಅಂತ ಹೇಳಿ, ಮೊಮ್ಮಗಳನ್ನು ಕೂರಿಸಿದಳು. ಆಮೇಲೆ ಬಾದಾಮಿ ಹುರಿಯುವ ಅಂಗಡಿ. ತಾಮ್ರದ ದೊಡ್ಡ ಬಾಂಡಲಿಯಲ್ಲಿ ಸಕ್ಕರೆ, ನೀರು, ದಾಲ್ಚಿನ್ನಿ ಹಾಕಿ ಕುದಿಸಿ ಬಾದಾಮಿ ಸುರಿಯುತ್ತಾರೆ. ಪಾಕ ಮೊದಲು ಒಣಗಿ ಪುಡಿಪುಡಿಯಾಗಿ ಬಾದಾಮಿಗೆ ಅಂಟುತ್ತದೆ, ಮತ್ತೆ ಕರಗಿ ಹೊಳಪು ಬರುತ್ತದೆ. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. "ಈಗ ಇಳಿಸ್ಬೇಕು, ಈಗ ಇಳಿಸ್ಬೇಕು" ಅಂತ ನನ್ನ ತೋಳು ಹಿಡಿದಳು. ಅದೇ ಹೊತ್ತಿಗೆ ಅಂಗಡಿಯವರು ಬಾಂಡಲಿ ಬಗ್ಗಿಸಿ ತಟ್ಟೆಗೆ ಸುರಿದರು. ಅಮ್ಮನ ಮುಖ ನೋಡಬೇಕಿತ್ತು. ಕಾಗದದ ಕೊಳವೆಯಲ್ಲಿ ಬಿಸಿ ಬಾದಾಮಿ ಹಿಡಿದುಕೊಂಡು, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿದ್ದು ನೆನಪಾಯಿತು ಅಂದಳು. ನನಗೂ ಅದೇ ನೆನಪಾಗಿತ್ತು. ಆ ಪರಿಷೆಯೂ ಇದೇ ಚಳಿಯ ದಿನಗಳಲ್ಲಿ ಅಲ್ವಾ.

ರಾಗಿ ಅಲ್ಲಿಯವರೆಗೂ ಚೆನ್ನಾಗಿದ್ದ. ಸಾಸೇಜ್ ಸುಡುವ ಅಂಗಡಿಯ ಮುಂದೆ ಮೂಗು ಎತ್ತಿ ನಿಂತ, ಕರೆದರೆ ಬಂದ. 12ರ ಹತ್ತಿರ ವಾದ್ಯದವರು ಬಂದರು. ಹಳೇ ಕಾಲದ ಓಲಗದ ಥರ ಒಂದು ಊದುವ ವಾದ್ಯ, ಜೊತೆಗೆ ದೊಡ್ಡ ಡೋಲು. ಮೊದಲ ಏಟಿಗೇ ರಾಗಿಯ ಬಾಲ ಹೊಟ್ಟೆಯ ಕೆಳಗೆ ಹೋಯಿತು. ನಿಜ ಹೇಳಬೇಕೆಂದರೆ ಅವನು ಅದಕ್ಕೂ ಮುಂಚೆಯೇ ಹೇಳುತ್ತಿದ್ದ. ಪದೇ ಪದೇ ಆಕಳಿಸುತ್ತಿದ್ದ, ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತಿದ್ದ, ಕೊಟ್ಟ ಚೀಸ್ ತುಂಡನ್ನು ಬಾಯಿಗೆ ಹಾಕಿಕೊಂಡು ಕೆಳಗೆ ಬೀಳಿಸಿದ. ಆಕಳಿಸುವುದು ನಿದ್ದೆಗಲ್ಲ, ಆತಂಕಕ್ಕೆ. ಇಷ್ಟದ ತಿಂಡಿ ಬೇಡ ಅಂದರೆ ಅಲ್ಲಿಗೆ ಸಾಕು ಅಂತ ಅರ್ಥ. ನಾನು ಅಂಗಡಿ ನೋಡುತ್ತಾ ಅವನ ಮುಖ ನೋಡಿರಲಿಲ್ಲ. ಡೋಲಿನ ಸದ್ದು ಅವನಿಗೆ ಮೈಸೂರಿನ ದೀಪಾವಳಿ ಪಟಾಕಿಯನ್ನು ನೆನಪಿಸಿತೋ ಏನೋ, ನಾಲ್ಕೂ ಕಾಲು ನೆಲಕ್ಕೆ ಊರಿ ಹಿಂದಕ್ಕೆ ಎಳೆಯತೊಡಗಿದ. ಹಾರ್ನೆಸ್ ಇದ್ದದ್ದರಿಂದ ಕಳಚಿಕೊಳ್ಳಲಿಲ್ಲ. ನಮ್ಮವರು ಏನೂ ಮಾತಾಡದೆ ಹದಿನೆಂಟು ಕೆಜಿಯ ಅವನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಪಕ್ಕದ ಓಣಿಗೆ ನಡೆದರು. ಅವನ ಎದೆ ಬಡಿದುಕೊಳ್ಳುವುದು ಕೋಟಿನ ಮೇಲಿಂದಲೇ ಗೊತ್ತಾಗುತ್ತಿತ್ತು ಅಂತ ಆಮೇಲೆ ಹೇಳಿದರು.

ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸಂತೆಯಿಂದ ಐದು ನಿಮಿಷ ನಡೆದರೆ ಮಾಯ್ಲೆ ಅನ್ನುವ ಉದ್ಯಾನ ಸಿಗುತ್ತದೆ. ನೆಕರ್ ನದಿಯ ಕಾಲುವೆಗಳ ನಡುವಿನ ಹುಲ್ಲುಗಾವಲು, ಮೇಲೆ ಹಳೆಯ ಕಲ್ಲು ಸೇತುವೆ. ಓಮಾರನ್ನು ಅಲ್ಲೇ ಭೇಟಿಯಾಗುವುದು ಅಂತ ಮಾತಾಗಿತ್ತು, ಏಕೆಂದರೆ ಸಂತೆಯ ಬೀದಿಗಳೆಲ್ಲ ಕಲ್ಲು ಹಾಸು, ಅವರ ಚಕ್ರದ ಗಾಡಿ, ಅಂದರೆ ವಯಸ್ಸಾದವರು ಹಿಡಿದು ನಡೆಯುವ ರೋಲಾಟರ್, ಅಲ್ಲಿ ಒಂದೊಂದು ಕಲ್ಲಿಗೂ ತಡವರಿಸುತ್ತದೆ. ಅವರ ತಂಗಿಯ ಮಗಳು ಅವರನ್ನು ಬೆಂಚಿನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗಿದ್ದರು. ನಾನು ಚೀಲ ಬಿಚ್ಚಿ ಫ್ರೀಡಾಳನ್ನು ಹುಲ್ಲಿನ ಮೇಲೆ ಇಳಿಸಿದೆ. ಓಮಾ "ಫ್ರೀಡಲೆ" ಅಂದರು. ಈ ಕಡೆಯ ಶ್ವೇಬಿಶ್ ಆಡುಮಾತಿನಲ್ಲಿ ಮುದ್ದಿಗೆ ಎಲ್ಲದಕ್ಕೂ ಲೆ ಸೇರಿಸುತ್ತಾರೆ, ನಾವು ಪುಟ್ಟ, ಚಿನ್ನ ಅನ್ನುವ ಹಾಗೆ. ಫ್ರೀಡಾ ಓಡಿ ಹೋಗಲಿಲ್ಲ. ನನಗೆ ಎದೆ ಧಸಕ್ಕೆಂದಿತು, ಮರೆತೇಬಿಟ್ಟಳಾ ಅಂತ. ಅವಳು ಮೊದಲು ಗಾಡಿಯ ಚಕ್ರ ಮೂಸಿದಳು. ಆಮೇಲೆ ಮುಂಗಾಲು ಎರಡನ್ನೂ ಎತ್ತಿ ಗಾಡಿಯ ಬುಟ್ಟಿಗೆ ಇಟ್ಟಳು. ಕೆಳಗಿನ ಮನೆಯಲ್ಲಿದ್ದಾಗ ಆಸ್ಪತ್ರೆಯಿಂದ ಬಂದ ಆ ಎರಡು ತಿಂಗಳು ಓಮಾ ಅವಳನ್ನು ಆ ಬುಟ್ಟಿಯಲ್ಲೇ ಕೂರಿಸಿಕೊಂಡು ಹಾಲು ತರಲು ಹೋಗುತ್ತಿದ್ದರು. ಅವಳು ಕೂರಲು ಕೇಳುತ್ತಿದ್ದಾಳೆ! ಓಮಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಾನು ಫ್ರೀಡಾಳನ್ನು ಎತ್ತಿ ಬುಟ್ಟಿಯಲ್ಲಿ ಕೂರಿಸಿದೆ.

ಅಮ್ಮನಿಗೆ ಜರ್ಮನ್ ಬರುವುದಿಲ್ಲ, ಓಮಾಗೆ ಕನ್ನಡ ಬರುವುದಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅಮ್ಮ ತನ್ನ ಶಾಲಿನ ಒಂದು ತುದಿಯನ್ನು ಅವರ ಮಂಡಿಯ ಮೇಲೆ ಹೊದಿಸಿದಳು. ಓಮಾ ತಮ್ಮ ಚೀಲದಿಂದ ಕಾಗದ ಸುತ್ತಿದ ಒಂದು ಬ್ರೆಡ್ ತೆಗೆದು ಕೊಟ್ಟರು. ಹುಟ್ಸೆಲ್‌ಬ್ರೋಟ್ ಅಂತ, ಈ ಕಡೆ ಕ್ರಿಸ್‌ಮಸ್ ಕಾಲಕ್ಕೆ ಮಾಡುವುದು. ಒಣಗಿಸಿದ ಪೇರ್ ಹಣ್ಣು, ಅಂಜೂರ, ಬೀಜಗಳು, ದಾಲ್ಚಿನ್ನಿ ಎಲ್ಲ ತುಂಬಿ, ಹಿಟ್ಟು ಕಡಿಮೆ ಹಣ್ಣು ಜಾಸ್ತಿ. ನಾನು ಮಗಳನ್ನು ಕರೆದುಕೊಂಡು ಶೌಚಾಲಯ ಹುಡುಕಲು ಹೋದೆ. ನಮ್ಮವರು ರಾಗಿಯನ್ನು ಕಾಲುವೆಯ ಆಚೆ ತುದಿಯಲ್ಲಿ ನಿಧಾನಕ್ಕೆ ನಡೆಸುತ್ತಿದ್ದರು. ಹತ್ತೇ ನಿಮಿಷ.

ವಾಪಸ್ ಬಂದಾಗ ಬೆಂಚಿನ ಮೇಲೆ ಮೂವರೂ ಖುಷಿಯಾಗಿದ್ದರು. ಬುಟ್ಟಿಯಲ್ಲಿದ್ದ ಫ್ರೀಡಾ ತುಟಿ ನೆಕ್ಕುತ್ತಿದ್ದಳು. "ಪಾಪ, ನೋಡ್ತಾನೇ ಇತ್ತು ಕಣೇ, ಅವರೂ ಒಂಚೂರು ಕೊಟ್ರು, ನಾನೂ ಒಂಚೂರು ಕೊಟ್ಟೆ" ಅಂದಳು ಅಮ್ಮ. ಉಳಿದ ಬ್ರೆಡ್ ಬಿಡಿಸಿ ನೋಡಿದೆ. ತುಂಬ ಒಣದ್ರಾಕ್ಷಿ.

ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ವಿಷ. ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ಅಪಾಯ, ಎಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲ. ಒಂದು ನಾಯಿಗೆ ಒಂದು ಹಿಡಿ ತಿಂದರೂ ಏನೂ ಆಗುವುದಿಲ್ಲ, ಇನ್ನೊಂದಕ್ಕೆ ನಾಲ್ಕೈದು ಸಾಕು. ಚಾಕೊಲೇಟ್ ವಿಷಯ ಎಲ್ಲರಿಗೂ ಗೊತ್ತಿರುತ್ತದೆ, ಇದು ಹಿರಿಯರಿಗೆ ಗೊತ್ತಿರುವುದು ಕಡಿಮೆ. ಕ್ರಿಸ್‌ಮಸ್ ಸಂತೆಯಲ್ಲಿ ಒಣದ್ರಾಕ್ಷಿ ಇಲ್ಲದ ತಿಂಡಿ ಹುಡುಕುವುದೇ ಕಷ್ಟ. ನೆಲದಲ್ಲಿ ಬಿದ್ದ ಚೂರೂ ಅಷ್ಟೇ. ಅಮ್ಮನಿಗೆ ನಾನು ಚಾಕೊಲೇಟ್ ಕೊಡಬೇಡ, ಈರುಳ್ಳಿ ಕೊಡಬೇಡ ಅಂತ ಹೇಳಿದ್ದೆ. ಇದನ್ನು ಹೇಳಿರಲಿಲ್ಲ.

ಹತ್ತಿರದ ಒಂದು ಪಶುವೈದ್ಯರಿಗೆ ಫೋನ್ ಮಾಡಿದೆ. ಮೂರು ಪ್ರಶ್ನೆ ಕೇಳಿದರು. ನಾಯಿಯ ತೂಕ ಎಷ್ಟು, ಏನು ಎಷ್ಟು ತಿಂದಿದೆ, ತಿಂದು ಎಷ್ಟು ಹೊತ್ತಾಯಿತು. ಎಂಟು ಕೆಜಿ, ಎರಡು ಚೂರು, ಹತ್ತು ನಿಮಿಷ. ಮನೆಯಲ್ಲಿ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಇನ್ನೂ ಅಪಾಯ, ತಕ್ಷಣ ಕರೆದುಕೊಂಡು ಬನ್ನಿ, ಬ್ರೆಡ್ ಕೂಡ ತನ್ನಿ ಅಂದರು. ಓಮಾಗೆ ವಿಷಯ ಹೇಳಬೇಕಾಯಿತು. "ಹಾ ನೋಯ್" ಅಂದರು, ಅಯ್ಯೋ ಬೇಡಪ್ಪಾ ಅನ್ನುವ ಹಾಗೆ, ಅಷ್ಟು ಹೇಳಿ ಸುಮ್ಮನಾದರು. ನಮ್ಮವರು ರಾಗಿ ಮತ್ತು ಮಗಳ ಜೊತೆ ಅವರನ್ನು ವೃದ್ಧಾಶ್ರಮಕ್ಕೆ ತಲುಪಿಸಲು ಹೊರಟರು. ನಾನು, ಅಮ್ಮ ಟ್ಯಾಕ್ಸಿ ಹಿಡಿದೆವು. ದಾರಿಯುದ್ದಕ್ಕೂ ಅಮ್ಮ ಫ್ರೀಡಾಳ ಕಿವಿ ಸವರುತ್ತಾ ಕೂತಿದ್ದಳು, ಒಂದು ಮಾತಿಲ್ಲ.

ವೈದ್ಯೆ ಕಾಯುತ್ತಿದ್ದರು. ವಾಂತಿ ಬರಿಸುವ ಒಂದು ಇಂಜೆಕ್ಷನ್ ಕೊಟ್ಟರು. ಐದು ನಿಮಿಷದೊಳಗೆ ಫ್ರೀಡಾ ವಾಂತಿ ಮಾಡಿಕೊಂಡಳು, ಮೂರು ಸಲ. ಅವರು ಕೈಗವಸು ಹಾಕಿಕೊಂಡು ಅದನ್ನು ಕೆದಕಿ ಒಣದ್ರಾಕ್ಷಿ ಎಣಿಸಿದರು. ಏಳು. ಒಂದೂ ಕರಗಿರಲಿಲ್ಲ. ಬೇಗ ಬಂದದ್ದು ಒಳ್ಳೆಯದಾಯಿತು, ಎರಡು ಗಂಟೆ ಕಳೆದಿದ್ದರೆ ಹೊಟ್ಟೆಯಿಂದ ಮುಂದೆ ಹೋಗಿರುತ್ತಿತ್ತು ಅಂದರು. ಆಮೇಲೆ ವಾಂತಿ ನಿಲ್ಲುವ ಔಷಧಿ, ಉಳಿದದ್ದನ್ನು ಹೀರಿಕೊಳ್ಳಲು ಇದ್ದಿಲಿನ ಪುಡಿ ಕಲಸಿದ ಪೇಸ್ಟ್, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆ. ಅದನ್ನು ಮತ್ತೆ ಮಾರನೇ ದಿನ, ಮೂರನೇ ದಿನ ಮಾಡಬೇಕು. ಹಾನಿ ಆಗಿದ್ದರೆ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಬೇಕು. ನೀರು ಕುಡಿಯುತ್ತಾಳಾ, ಮೂತ್ರ ಮಾಡುತ್ತಾಳಾ ನೋಡುತ್ತಿರಿ.

ನಾನು ಅಮ್ಮನಿಗೆ ಅವರ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದೆ. ದ್ರಾಕ್ಷಿಯಲ್ಲಿ ಅಂಥದ್ದೇನಿದೆ ಅಂತ ಅಮ್ಮ ಕೇಳಿದಳು. ಬಹಳ ವರ್ಷ ಯಾರಿಗೂ ತಿಳಿದಿರಲಿಲ್ಲವಂತೆ. ಈಗ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಪಶುವೈದ್ಯರು ಹೇಳುತ್ತಾರೆ. ದ್ರಾಕ್ಷಿಯಿಂದ ದ್ರಾಕ್ಷಿಗೆ ಅದರ ಪ್ರಮಾಣ ಬೇರೆ, ಅದಕ್ಕೇ ಲೆಕ್ಕ ಸಿಗುವುದಿಲ್ಲ. ಆ ಹೆಸರು ಕೇಳಿದ ಕೂಡಲೇ ನನಗೆ ಪಿಯುಸಿ ರಸಾಯನಶಾಸ್ತ್ರ ನೆನಪಾಯಿತು. ಹುಣಸೆ ಹಣ್ಣಿನ ಹುಳಿಯೂ ಅದೇ ಅಲ್ವಾ? ವೈದ್ಯೆಯನ್ನು ಕೇಳಿದೆ. ಹೌದು, ಹುಣಸೆ ಹಣ್ಣು ತಿಂದು ಇದೇ ಥರ ಮೂತ್ರಪಿಂಡ ಕೆಟ್ಟ ನಾಯಿಗಳ ಬಗ್ಗೆ ಓದಿದ್ದೇನೆ, ನಿಮ್ಮ ಅಡುಗೆಯಲ್ಲಿ ಅದನ್ನು ಬಳಸುತ್ತೀರಾ ಅಂತ ಅವರೇ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಕುರ್ಚಿಯ ಮೇಲೆ ಕೂತುಬಿಟ್ಟಳು. ಹಾಸನದ ನಮ್ಮ ಮನೆಯಲ್ಲಿ ನಾಯಿಗೆ ಅಂತ ಬೇರೆ ಅಡುಗೆ ಯಾವತ್ತೂ ಇರಲಿಲ್ಲ. ಉಳಿದ ಅನ್ನಕ್ಕೆ ಉಳಿದ ಹುಳಿ, ಸಾರು ಕಲಸಿ ಹಾಕುವುದು. ಎಲ್ಲರ ಮನೆಯಲ್ಲೂ ಹಾಗೇ. ಸಾರಿನಲ್ಲಿ ಹುಣಸೆ ರಸ ನೀರಾಗಿರುತ್ತದೆ, ಎಷ್ಟೋ ನಾಯಿಗಳು ಅದನ್ನೇ ತಿಂದು ಹತ್ತು ವರ್ಷ ಬದುಕಿವೆ. ಆದರೂ ಗೊತ್ತಾದ ಮೇಲೆ ಹೇಗೆ ಹಾಕುವುದು? "ನಮ್ಮ ಕರಿಯ ಕೊನೇಲಿ ನೀರು ಕುಡ್ದು ಕುಡ್ದು ವಾಂತಿ ಮಾಡ್ಕೋತಿದ್ದ" ಅಂದಳು ಅಮ್ಮ. ಕರಿಯ ಸತ್ತು ಇಪ್ಪತ್ತು ವರ್ಷ ಆಗಿದೆ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಯಾರು ಹೇಳಬಲ್ಲರು. ನಾನು ಅವಳ ಪಕ್ಕ ಕೂತೆ.

ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು, ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ರಾಗಿ ಹಾಸಿಗೆಗೆ ಹೋಗಿ ಬಿದ್ದವನು ಮಾರನೇ ದಿನ ಬೆಳಿಗ್ಗೆವರೆಗೂ ಏಳಲಿಲ್ಲ. ಅಮ್ಮ ರಾತ್ರಿ ಎರಡು ಸಲ ಎದ್ದು ಫ್ರೀಡಾಳ ನೀರಿನ ಬಟ್ಟಲು ನೋಡಿದ್ದು ನನಗೆ ಕೇಳಿಸಿತು. ಎರಡನೇ ರಕ್ತ ಪರೀಕ್ಷೆ ಸರಿ ಬಂತು, ಮೂರನೆಯದೂ ಸರಿ ಬಂತು. ಶುಕ್ರವಾರ ಸಂಜೆ ಓಮಾಗೆ ಫೋನ್ ಮಾಡಿ ಹೇಳಿದೆ. ಮೂರು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ ಅಂತ ಅವರ ತಂಗಿಯ ಮಗಳು ಆಮೇಲೆ ತಿಳಿಸಿದರು. ಅಮ್ಮ ಫೋನ್ ಕಸಿದುಕೊಂಡು, ನನ್ನ ಮಗಳು ಹೇಳಿಕೊಟ್ಟ ಎರಡೇ ಎರಡು ಪದ ಹೇಳಿದಳು: "ಫ್ರೀಡಲೆ ಗುಟ್." ಫ್ರೀಡಲೆ ಚೆನ್ನಾಗಿದ್ದಾಳೆ. ಆ ಕಡೆಯಿಂದ ಅಳುವುದು ಕೇಳಿಸಿತು, ಈ ಕಡೆ ಇವಳೂ ಅತ್ತಳು.

ಈ ವರ್ಷವೂ ಹೋಗುತ್ತೇವೆ. ಮತ್ತೆ ಮಂಗಳವಾರ, ಮತ್ತೆ 11 ಗಂಟೆ. ರಾಗಿ ನಮ್ಮವರ ಜೊತೆ ಮನೆಯಲ್ಲೇ ಇರುತ್ತಾನೆ, ಅವತ್ತು ಅವನಿಗೆ ಕಾಡಿನಲ್ಲಿ ಉದ್ದದ ನಡಿಗೆ. ನಾನು, ಮಗಳು, ಫ್ರೀಡಾ ನೇರ ಮಾಯ್ಲೆಗೆ ಹೋಗುವುದು, ಸಂತೆಯಲ್ಲಿ ಅಂಚಿನ ಸಾಲು ಮಾತ್ರ, ಓಮಾ ಕೈ ಆಡಿಸಿ ನೋಡಲು ಕಂಬಳಿ ಅಂಗಡಿ ಒಂದಿದೆ, ಅಲ್ಲಿ ಕಲ್ಲು ಹಾಸು ಸ್ವಲ್ಪ ಸಮತಟ್ಟು. ಫ್ರೀಡಾಗೆ ಬೇಯಿಸಿದ ಕ್ಯಾರೆಟ್ ಡಬ್ಬಿ ಮನೆಯಿಂದಲೇ ಹೋಗುತ್ತದೆ, ಓಮಾ ಕೈಯಿಂದಲೇ ಕೊಡಲಿ. ಅಮ್ಮನಿಗೆ ಈ ಸಲ ಬರಲು ಆಗುವುದಿಲ್ಲ. ಮೊನ್ನೆ ವೀಡಿಯೋ ಕಾಲ್‌ನಲ್ಲಿ ಗೇಟಿನ ಹತ್ತಿರ ಕಾಯುವ ಬೀದಿನಾಯಿಗಳನ್ನು ತೋರಿಸಿದಳು, ಮೂರು ಇದ್ದವು. ಕೈಯಲ್ಲಿ ಅನ್ನದ ಪಾತ್ರೆ. ಹುಳಿ ಕಲಸಿರಲಿಲ್ಲ. ಮೊಸರು ಕಲಸಿದ್ದಳು.